ಗಂಗಮ್ಮ ಕೊಟ್ಟ ಹೂವು

ಗಂಗುಲಪ್ಪ ಹೊರಗಿನಿಂದ ಚಿಲಕ ಜಡಿದು, ಮಗಳ ಮೊಬೈಲನ್ನು ಅಂಗಿ ಜೇಬಿಗೆ ಇಳಿಸಿಕೊಂಡ.

“ಅಪ್ಪಾ, ಬಾಗಿಲು ತೆಗಿ! ನಾನಿಲ್ದೆ ಅದು ಮೇಲೇಳ್ಬಾರ್ದು!” ಒಳಗಿನಿಂದ ತನುಜ ಬಡಿದಳು.

“ಅಬ್ಬಬ್ಬಾ, ನೀನಿಲ್ದೆ ಏಳ್ಬಾರ್ದಂತೆ! ಇವತ್ತೊಂದಿನ ಸುಮ್ನಿರಮ್ಮ.”

ಮಗಳಿಗೆ ಬೆಂಗಳೂರಿನಲ್ಲಿ ವಿಮಾನದ ಕೆಲಸ. ಕಳವಾರ ಊರಿಗೆಲ್ಲ ಅದೇ ದೊಡ್ಡ ಸುದ್ದಿ. ಅವಳ ಬ್ಯಾಗಿನಲ್ಲಿ ಸದಾ ಒಂದು ಟಾರ್ಚು, ಒಂದು ಪುಟ್ಟ ಕನ್ನಡಿ. “ಆಕಾಶದಲ್ಲೂ ಮುಖ ನೋಡ್ಕೋತೀಯೇನೇ?” ಎಂದು ಹೆಂಗಸರು ಕೀಟಲೆ ಮಾಡುತ್ತಿದ್ದರು.

ಇವತ್ತು ಸಾವಿರಾರು ಜನರೆದುರು ಪ್ರಯಾಣಿಕರ ಹೊಸ ವಿಮಾನದ ಹಾರಾಟ. ಶಬ್ದವನ್ನೇ ಹಿಂದೆ ಹಾಕುವಂಥದ್ದು! ನಿನ್ನೆ ರಾತ್ರಿ ಕೆಲಸದಿಂದ ಬಂದು ಊಟಕ್ಕೆ ಕೂತ ತನುಜ ಮುದ್ದೆ ಮುಟ್ಟಲಿಲ್ಲ. ಕೇಳಿದ್ದಕ್ಕೆ, “ಯಾಕೋ ಆ ವಿಮಾನ ನೆನೆಸ್ಕೊಂಡ್ರೆ ಭಯ ಆಗುತ್ತಪ್ಪ,” ಎಂದಿದ್ದಳು.

ಹೆತ್ತ ಜೀವಕ್ಕೆ ಅಷ್ಟು ಸಾಕಲ್ಲ! ಬೆಳಕು ಹರಿಯುತ್ತಲೇ ಗಂಗಮ್ಮನ ಗುಡಿಯಲ್ಲಿ ಕೈಮುಗಿದು ನಿಂತಿದ್ದ.

“ಮಗಳನ್ನ ತಡೀಲಾ ತಾಯಿ? ಹೂ ಕೊಡು.”

ಎಷ್ಟೋ ಹೊತ್ತಿನ ಮೇಲೆ ಅಮ್ಮನ ಎಡಭುಜದಿಂದ ಒಂದು ಕಣಗಿಲೆ ಜಾರಿತು. ಎಡಗಡೆ ಹೂ! ಕೇಡು ಕಾದಿದೆ ಎಂದು ಎದ್ದುಬಿದ್ದು ಮನೆಗೆ ಓಡಿದ.

ಜೇಬಿನಲ್ಲಿ ಮೊಬೈಲು ಹೊಡೆದುಕೊಂಡಿತು. ನಿಂತಿತು. ಮತ್ತೆ ಹೊಡೆದುಕೊಂಡಿತು.

“ಫೋನಾದ್ರೂ ಕೊಡಪ್ಪ! ಅದಕ್ಕೇನೋ ಆಗುತ್ತೆ!”

“ನಂಗೂ ಗೊತ್ತು ಕಣಮ್ಮ. ಅದಕ್ಕೇ ನಿನ್ನ ಕೂಡಿಹಾಕಿರೋದು.”

ಅವಳ ಅಳು ಕೇಳಿದರೆ ಮನಸ್ಸು ಕರಗೀತೆಂದು ಟಿ.ವಿ. ದನಿ ಜೋರು ಮಾಡಿದ. ಆಮೇಲೆ ಅವಳು ಕೂಗಿ ಹೇಳಿದ್ದೊಂದೂ ಅವನಿಗೆ ಕೇಳಲಿಲ್ಲ.

ಮೊಬೈಲು ಸುಮ್ಮನಾಯಿತು. ಟಿ.ವಿ.ಯಲ್ಲಿ ಬಿಳಿ ವಿಮಾನ ಏರಿತು. ಜನ ಹೋ ಎಂದರು. ಮೂತಿ ಎತ್ತಿ ತಿರುಗುವಾಗ ಒಂದು ರೆಕ್ಕೆ ಮುರಿದು ಕಳಚಿತು. ಮಿಕ್ಕಿದ್ದು ಉರಿಯುತ್ತ ಆ ಜನರ ಮೇಲೆಯೇ ಬಿತ್ತು.

“ಅಯ್ಯೋ ಶಿವನೇ!” ಹೆಂಡತಿ ಲಕ್ಷ್ಮಿದೇವಮ್ಮ ಅವನ ಕಾಲು ಹಿಡಿದಳು. “ನನ್ನ ಮಗಳ್ನ ಉಳಿಸ್ಕೊಟ್ರಲ್ಲ, ನೀವೇ ದೇವ್ರು!”

ಗಂಗುಲಪ್ಪ ಚಿಲಕ ತೆಗೆದ. ತನುಜ ಟಿ.ವಿ. ನೋಡಿದವಳೇ ಹೊಸ್ತಿಲ ಮೇಲೆ ಕುಸಿದಳು.

“ನಾನು ವಿಮಾನ ಹತ್ತೋಳಲ್ಲಪ್ಪ. ಹಾರೋ ಮುಂಚೆ ಕೆಳಗೆ ನಿಂತು ಪರೀಕ್ಷೆ ಮಾಡೋಳು. ರೆಕ್ಕೆ ಸಂದೀಲಿ ಬಿರುಕಿದ್ದಂಗೆ ನಿನ್ನೆ ಅನುಮಾನ ಬಂತು. ಬೆಳಿಗ್ಗೆ ಕನ್ನಡಿ ಹಿಡಿದು ನೋಡಿ ಹೇಳ್ತೀನಿ, ಅಲ್ಲೀತನಕ ಹಾರಿಸ್ಬೇಡಿ ಅಂತ ಮೇಲಿನೋರಿಗೆ ಅಂದಿದ್ದೆ. ನಾನು ಬರ್ಲಿಲ್ಲ, ಫೋನೂ ಎತ್ಲಿಲ್ಲ. ಏನೂ ಇಲ್ಲ ಅಂದ್ಕೊಂಡು ಹಾರಿಸ್ಬಿಟ್ಟಿದ್ದಾರೆ.”

ಗಂಗುಲಪ್ಪನ ಕಣ್ಣಿಗೆ ಆ ಕಣಗಿಲೆ ಕಟ್ಟಿತು: ತಡೀಲಾ ಎಂದು ಅವನು ಕೇಳಿದ್ದ, ಬೇಡವೆಂದೇ ತಾಯಿ ಎಡಗಡೆ ಹೂ ಕೊಟ್ಟಿದ್ದಳು.