ಬಲಬದಿಯ ಕಿಟಕಿ

ಹಿಮ ಬೀಳುವ ಈ ಬೆಟ್ಟದೂರಿಗೆ ವರ್ಗವಾಗಿ ಬಂದ ಮೇಲೆ, ಚಳಿಗಾಲದ ಬೆಳಗ್ಗೆ ಕಾರಿನ ಕಿಟಕಿಗಳ ಮಂಜುಗಡ್ಡೆ ಕೆರೆಯುವುದು ನನ್ನ ಕೆಲಸ. ಹಳೆಯ ದೋಸೆ ಸಟ್ಟುಗ ಸಾಕು. ಆದರೆ ಮಗಳು ಕೂರುವ ಹಿಂದಿನ ಕಿಟಕಿಯ ಗಡ್ಡೆ ಮಾತ್ರ ಕೆಂಪಗಿರುತ್ತದೆ. ಗುಟ್ಕಾ ಜಗಿಯುತ್ತ ಕಾರು ಓಡಿಸುವ ಗಂಡ ಹೊರಗೆ ಉಗಿದದ್ದು ಹಿಂದಕ್ಕೆ ಹಾರಿ ಅಲ್ಲೇ ಹೆಪ್ಪುಗಟ್ಟುತ್ತದೆ. ಎಷ್ಟು ಹೇಳಿದರೂ ಅವರು ನಗುತ್ತಾರೆ.

ಮೊನ್ನೆ ಮಗಳು ಕಿಟಕಿ ಇಳಿಸಿದ್ದಾಗ ಅವಳ ಬಿಳಿ ಯೂನಿಫಾರ್ಮಿಗೇ ಸಿಡಿಯಿತು. "ಅಮ್ಮಾ, ಕ್ಲಾಸಲ್ಲಿ ಯಾರೂ ನನ್ನ ಪಕ್ಕ ಕೂರ್ಲಿಲ್ಲ" ಎಂದು ಸಂಜೆ ಅತ್ತಳು.

ಇಂದು ಇಳಿಜಾರಿನಲ್ಲಿ ಅವರ ಬಾಯಿ ತುಂಬಿತು. ತಮ್ಮ ಕಿಟಕಿಯ ಗುಂಡಿ ಒತ್ತಿದರು, ಗಾಜು ಇಳಿಯಲಿಲ್ಲ. ಹಿಂದೆ ಸಾಲು ಲಾರಿಗಳು, ನಿಲ್ಲಿಸಲು ಜಾಗವಿಲ್ಲ. "ಊಂ! ಊಂ!" ಎಂದು ನನ್ನತ್ತ ಕೈಯಾಡಿಸಿದರು.

"ಥೂ ಅಪ್ಪಾ, ಗಲ್ಲದ ಮೇಲೆ ಇಳೀತಿದೆ!" ಮಗಳು ಕಿರುಚಿದಳು.

ಕೊನೆಗೆ ಗುಟುಕ್ಕನೆ ನುಂಗಿ, ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದರು.

"ಗಾಜೆಲ್ಲ ಕೆರೆದೋಳು, ಅಂಚಿನ ಗಡ್ಡೆ ಬಿಡಿಸೋದು ಮರೆತ್ಯೇನೇ?"

"ಮರೆಯೋದೆಲ್ಲಿ ಬಂತು? ನಿನ್ನೆ ಸಂಜೆ ಆ ಅಂಚಿಗೆ ಮೂರು ಚೊಂಬು ನೀರು ಹುಯ್ದೋಳೇ ನಾನು."