ಕಾಯಿ ಒಡೆದು ಬರುವಷ್ಟರಲ್ಲಿ

“ಕ್ಯಾನ್ಸರ್ ಇಲ್ಲಮ್ಮಾ” ಎಂದು ಡಾಕ್ಟರು ಹೇಳುತ್ತಲೇ ರತ್ನಾವತಿ ಕುರ್ಚಿ ಬಿಟ್ಟು ಎದ್ದಳು. “ಆಸ್ಪತ್ರೆ ಗೇಟಿನ ಪಿಳ್ಳೆಯಾರ್ ಗಣಪತಿಗೆ ಹರಕೆ ಹೇಳಿದ್ದೆ ಮಾರಾಯ್ರೆ, ಕಾಯಿ ಒಡೆದು ಈಗ ಬಂದೆ” ಎಂದು ಗಂಡನಿಗೆ ಹೇಳಿ, ಉಳಿದದ್ದನ್ನು ಕೇಳಲು ನಿಲ್ಲದೆ ಹೋದಳು.

ಮೋನಪ್ಪ ಒಬ್ಬನೇ ಉಳಿದ. ದೀಪದ ಹಲಗೆಗೆ ಸಿಕ್ಕಿಸಿದ ಎಂಆರ್‌ಐ ಫಿಲ್ಮಿನಲ್ಲಿ ಅವನ ಕತ್ತು ಕಾಣುತ್ತಿತ್ತು. ಎರಡು ರಕ್ತನಾಳಗಳನ್ನು ಅತ್ತಿತ್ತ ತಳ್ಳಿ, ನಿಂಬೆಹಣ್ಣಿನಷ್ಟು ದೊಡ್ಡ ಬಿಳಿ ಗಂಟು ಕುಳಿತಿತ್ತು. ಅದು ಹುಟ್ಟಿರುವುದೇ ದನಿಯ ನರದಲ್ಲಿ, ಬಿಟ್ಟರೆ ಬೆಳೆಯುತ್ತದೆ, ತೆಗೆದರೆ ನರವೂ ಹೋಗಬಹುದು ಎಂದು ಡಾಕ್ಟರು ಪೆನ್ನಿನ ತುದಿಯಿಂದ ತೋರಿಸಿದರು. ಆಮೇಲೆ ಏನು ಕೆಲಸ ಎಂದು ಕೇಳಿದರು.

“ಇಲ್ಲೇ ಕ್ರೋಂಪೇಟೆಯಲ್ಲಿ ಹೋಟ್ಲು ಸಪ್ಲೈಯರ್ ಸಾರ್. ನಮ್ಮಲ್ಲಿ ಚೀಟಿ ಇಲ್ಲ. ಆರ್ಡರೆಲ್ಲ ಅಡುಗೆಮನೆಗೆ ಕೂಗಿಯೇ ಹೇಳೋದು.”

ಡಾಕ್ಟರು ಪೆನ್ನು ಕೆಳಗಿಟ್ಟರು. ನರ ಹೋದರೆ ಮಾತು ಉಳಿಯಬಹುದು, ಕೂಗುವ ದನಿ ಮತ್ತೆ ಬರುವುದಿಲ್ಲ ಎಂದರು.

ಅಷ್ಟರಲ್ಲಿ ರತ್ನಾವತಿ ಬಂದು ಗಂಡನ ಅಂಗೈಯಲ್ಲಿ ಕಾಯಿಚೂರು ಇಟ್ಟಳು. “ಬೂತಿನಿಂದ ಹೋಟ್ಲು ಧಣಿಗಳಿಗೆ ಫೋನ್ ಮಾಡಿದೆ. ಸೋಮವಾರವೇ ಬರ್ಲಿ ಅಂದ್ರು. ನಿಮ್ಮ ಬದಲಿಗೆ ನಿಂತ ಆ ಕಿಟ್ಟಣ್ಣ ಮೂರು ದೋಸೆ ಅಂದ್ರೆ ಒಳಗೆ ಎರಡೇ ಕೇಳ್ತದಂತೆ. ನಿಮ್ಮ ದನಿಯೇ ಬೇಕಂತೆ ಅವ್ರಿಗೆ.” ನಗುತ್ತಾ ಸೆರಗಿನಿಂದ ಕೈ ಒರೆಸಿಕೊಂಡಳು. “ಡಾಕ್ಟರು ಮತ್ತೆಂತ ಹೇಳಿದ್ರು?”

ಮೋನಪ್ಪ ಕಾಯಿಚೂರನ್ನು ಬಾಯಿಗೆ ಹಾಕಿಕೊಂಡ. ಹಾಲೆಲ್ಲ ಇಳಿದು ಬರೀ ಹಿಪ್ಪೆ ಉಳಿದ ಮೇಲೂ ಅಗಿಯುತ್ತಲೇ ಇದ್ದ.