ಅಣ್ಣ ಯಾರು, ತಮ್ಮ ಯಾರು

ವೈನ್ ತೊಟ್ಟಿಗಳ ಆಳುಗಳು ರುಚಿ ನೋಡಲೆಂದು ತುಂಬಿಟ್ಟು ಹೋಗಿದ್ದ ಐದು ಲೋಟಗಳ ವೈನನ್ನೂ ಸಿಲ್ವೆನ್ ಮೋರಿಗೆ ಚೆಲ್ಲಿದ. ಕೋಟಿನೊಳಗಿಂದ ಒಂದು ಬಾಟಲಿ ತೆಗೆದು ಐದಕ್ಕೂ ಅದರಿಂದಲೇ ಸುರಿದ. ಖಾಲಿ ಬಾಟಲಿಯನ್ನು ಪೀಪಾಯಿಯ ಹಿಂದೆ ತಳ್ಳಿ ಬಾಗಿಲ ಕಡೆ ನೋಡಿದ. ಯಾರೂ ಇರಲಿಲ್ಲ.

ಹೊರಗೆ ಮೆದೋಕ್ ಸೀಮೆಯ ಜನವರಿ, ಎಲೆಯುದುರಿದ ದ್ರಾಕ್ಷಿ ಸಾಲುಗಳ ಮೇಲೆ ಮಂಜು. ಒಳಗೆ ಮೊರ್ಲಾಂದ್ ಎಸ್ಟೇಟಿನ ಉಗ್ರಾಣದಲ್ಲಿ ಪಾಲು ಹಾಕುವ ದಿನ. ಹೋದ ಸುಗ್ಗಿಯ ವೈನನ್ನು ತೊಟ್ಟಿವಾರು ರುಚಿ ನೋಡಿ ಎರಡು ಮಾಡುತ್ತಾರೆ. ಮೇಲಾದದ್ದಕ್ಕೆ ಎಸ್ಟೇಟಿನ ಹೆಸರು, ಉಳಿದದ್ದಕ್ಕೆ ಎರಡನೆಯ ಲೇಬಲ್. ಕೆಲಸಗಾರರ ಬಾಯಲ್ಲಿ ಒಂದು ಅಣ್ಣ, ಇನ್ನೊಂದು ತಮ್ಮ. ಒಂದೇ ತೋಟ, ಒಂದೇ ಬಳ್ಳಿ. ಆದರೆ ಅಣ್ಣ ದೊಡ್ಡವರ ಮೇಜಿಗೆ ಹೋಗುತ್ತಾನೆ, ತಮ್ಮ ಲಾರಿ ಚಾಲಕರ ಊಟಕ್ಕೆ.

ಈಚೆಗೆ ಕೆಲವು ವರ್ಷದಿಂದ ಅಣ್ಣನ ಗ್ರಹಚಾರ ಕೆಟ್ಟಿತ್ತು. ಕುಡಿದವರೆಲ್ಲ ತಮ್ಮನೇ ವಾಸಿ ಅನ್ನುತ್ತಿದ್ದರು. ಒಡತಿ ಮೇಡಂ ಮೊರ್ಲಾಂದ್ ಮಳೆಯನ್ನು ಬೈದರು, ಬಿಸಿಲನ್ನು ಬೈದರು, ಮುಚ್ಚಳ ಮಾಡುವವನನ್ನೂ ಬೈದರು. ಇನ್ನೊಂದು ವರ್ಷ ಹೀಗಾದರೆ ತೋಟ ಮಾರುವುದೇ ಸೈ.

ತೀರ್ಪು ಕೊಡುವುದು ಉಗ್ರಾಣದ ಹಿರಿಯ ಆಂಸೆಲ್ಮ್ ಮೇಷ್ಟ್ರ ಮೂಗು. ಆ ಮೂಗಿಗೆ ಇವತ್ತು ನಿವೃತ್ತಿ. ಅದರ ಜಾಗಕ್ಕೆ ಇಪ್ಪತ್ತು ವರ್ಷದಿಂದ ಅದರ ಎದುರಿಗೇ ನಿಂತ ಸಿಲ್ವೆನ್‌ನ ಮೂಗೋ, ಬೋರ್ದೋ ಪಟ್ಟಣದ ತಜ್ಞನದೋ? ಮೇಡಂ ಇವತ್ತೇ ಹೇಳುವವರಿದ್ದರು. ತಜ್ಞ ಬಂದರೆ ಸಿಲ್ವೆನ್ ಮನೆಗೆ. ಮನೆಯೂ ಎಸ್ಟೇಟಿನದೇ, ಹಾಗಾಗಿ ಅದೂ ಇಲ್ಲ.

ಬೆಳಿಗ್ಗೆ ಒಲೆಯ ಪಕ್ಕ ಕೂತು ಅವನು ಇದನ್ನೇ ಯೋಚಿಸುತ್ತಿದ್ದ. ಹಾಲು ಸೀದು ಕರಕಲಾಯಿತು. ಹೆಂಡತಿ ನಾದೆಜ್ ಆಚೆ ಕೋಣೆಯಿಂದ ಓಡಿಬಂದಳು. "ಪಕ್ಕದಲ್ಲೇ ಕೂತಿದ್ದೀರಲ್ರೀ! ಮನೆಗೆ ಬೆಂಕಿ ಬಿದ್ರೂ ನಿಮಗೆ ವೈನಿಂದೇ ಧ್ಯಾನ!"

ಈಗ ಮೇಡಂ, ಮೇಷ್ಟ್ರು ಉಗ್ರಾಣದೊಳಗೆ ಬಂದರು. ಮೇಡಂ ಹೊಸ್ತಿಲಲ್ಲೇ ನಿಂತರು.

"ಯಾರದು, ಲ್ಯಾವೆಂಡರ್ ಸೋಪು? ರುಚಿ ನೋಡೋ ದಿನ ಘಮ್ ಅಂತ ಬರಬಾರದು ಅಂತ ನಾನು ನಿಮಗೆ ಹೇಳ್ಕೊಡಬೇಕಾ?"

"ನಾನಲ್ಲ" ಅಂದರು ಇಬ್ಬರೂ, ಒಟ್ಟಿಗೇ.

ಮೇಜಿನ ಆಚೆ ಮೇಷ್ಟ್ರು, ಈಚೆ ಸಿಲ್ವೆನ್. ಎಂದಿನ ಹಾಗೆ ಎದುರುಬದುರು. ಸಿಲ್ವೆನ್ ಅಣಕದಲ್ಲಿ ನಿಸ್ಸೀಮ. ಸುಗ್ಗಿ ಮುಗಿದ ಔತಣದಲ್ಲಿ ಅವನು ಮೇಷ್ಟ್ರ ಮುಖ ಅಣಕಿಸಿದರೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಎಡ ಹುಬ್ಬು ಏರಿದರೆ ಅಣ್ಣ, ತುಟಿ ಓರೆಯಾದರೆ ತಮ್ಮ. ಆ ಮುಖದ ಒಂದೊಂದು ಗೆರೆಯೂ ಅವನಿಗೆ ಬಾಯಿಪಾಠ.

ಇವತ್ತು ಮೊದಲು ಮುಖಭಾವ ತೋರಿಸಿದವನು ಅವನೇ. ಒಂದು ಲೋಟಕ್ಕೆ ಮೂಗು ಮುರಿದ. ಮತ್ತೊಂದಕ್ಕೆ ಚರ್ಚಿನಲ್ಲಿ ಕೂತವನ ಹಾಗೆ ಕಣ್ಣು ಮುಚ್ಚಿದ. ಐದು ಲೋಟ ಕಂಡರೆ ನಾಲಿಗೆ ಐದು ರುಚಿ ಹುಟ್ಟಿಸುತ್ತದೆ ಅಂತ ಒಮ್ಮೆ ಮೇಷ್ಟ್ರೇ ಹೇಳಿದ್ದರು. ಇವತ್ತು ಅದು ಅವರ ನಾಲಿಗೆಗೂ ಅನ್ವಯಿಸಿತು.

"ಇದು ಒರಟು. ತಮ್ಮ. ಇದೂ ತಮ್ಮನೇ. ಆಹಾ, ಇದು ನೋಡಿ ಮೇಡಂ! ಒದ್ದೆ ಮಣ್ಣು, ಪೆನ್ಸಿಲ್ ಪುಡಿ, ಯಾರೋ ಪುಸ್ತಕದೊಳಗೆ ಇಟ್ಟು ಮರೆತ ಹೂವು... ಅಣ್ಣ! ಸಾಕ್ಷಾತ್ ಅಣ್ಣ!" ಅಂದರು ಮೇಷ್ಟ್ರು.

ಸಿಲ್ವೆನ್ ಲೋಟ ಕೆಳಗಿಟ್ಟ. "ಕ್ಷಮಿಸಿ ಮೇಷ್ಟ್ರೇ. ಐದೂ ಒಂದೇ ವೈನು. ಅದೂ ಹಳೇ ತಮ್ಮ. ಯಾವನೋ ಪೋಕರಿ ಬೇಕಂತಲೇ ಮಾಡಿದ್ದಾನೆ. ಬಾಟಲಿ ಇಲ್ಲೇ ಎಲ್ಲೋ ಇರಬೇಕು."

ಮೇಡಂ ಹುಡುಕಿದರು. ಪೀಪಾಯಿಯ ಹಿಂದೆ ಸಿಕ್ಕಿತು. ಲೇಬಲ್ ಓದಿದರು. ಅವರ ಮುಖ ಲೋಟದೊಳಗಿನ ಬಣ್ಣಕ್ಕೆ ತಿರುಗಿತು.

ಮೇಷ್ಟ್ರು ಸ್ಟೂಲಿನ ಮೇಲೆ ಕುಸಿದರು. ಭುಜ ಕುಲುಕಿತು. ಅಳುತ್ತಿದ್ದಾರೆ ಅಂದುಕೊಂಡರೆ, ನಗು!

"ಉಗ್ರಾಣದ ಬೀಗದಕೈ ಅವನಿಗೇ ಕೊಡಿ ಮೇಡಂ. ಮೂಗು ಅಂದ್ರೆ ಅದು!"

"ಸೋಮವಾರದಿಂದ ಎಲ್ಲಾ ತೊಟ್ಟಿ ನಿನ್ನವು ಸಿಲ್ವೆನ್" ಅಂದರು ಮೇಡಂ. "ಈ ತೋಟ ಉಳಿಯೋದೂ ಮುಳುಗೋದೂ ಇನ್ನು ನಿನ್ನ ಮೂಗಿನ ಮೇಲಿದೆ." ಬೀಗದಕೈ ಮೇಜಿನ ಮೇಲಿಟ್ಟು ಹೊರಟುಹೋದರು.

ಮೇಷ್ಟ್ರು ಕಣ್ಣೊರೆಸಿಕೊಂಡರು. "ಬಾಟಲಿ ಇಟ್ಟಿದ್ದು ನೀನೇ ಅಂತ ನನಗೆ ಗೊತ್ತಾಗಲ್ವೇನೋ, ಪೆದ್ದ? ಈ ನಾಟಕ ಬೇಕಿತ್ತಾ? ಕೇಳಿದ್ರೆ ನಾನೇ ಹೇಳ್ತಿದ್ನಲ್ಲ, ಈ ಉಗ್ರಾಣದ ಮೂಗು ನೀನೇ ಅಂತ."

"ಅಂದ್ರೆ?"

"ಕೆಲವು ವರ್ಷದ ಹಿಂದೆ ಒಂದು ಜ್ವರ ತಂದು ನನಗೂ ಅಂಟಿಸಿದ್ಯಲ್ಲ, ಇಬ್ಬರೂ ಒಂದೇ ವಾರ ಹಾಸಿಗೆ ಹಿಡಿದ್ವಲ್ಲ, ಆವಾಗ್ಲೇ ಸತ್ತುಹೋಯ್ತು ನನ್ನ ಮೂಗು. ಈರುಳ್ಳಿಗೂ ಗುಲಾಬಿಗೂ ವ್ಯತ್ಯಾಸ ಗೊತ್ತಾಗಲ್ಲ ಕಣೋ. ಯಾರಿಗೆ ಹೇಳಲಿ? ಹೇಳಿದ್ರೆ ಊಟ ಹೋಗ್ತಿತ್ತು."

ಸಿಲ್ವೆನ್ ಮೇಜಿನ ಮೇಲೆ ಬಾಗಿದ. ಪಿಸುಮಾತಿನಲ್ಲಿ ಕೇಳಿದ. "ಮತ್ತೆ ಇಷ್ಟು ವರ್ಷ? ಅಣ್ಣ, ತಮ್ಮ ಅಂತ ಹೇಗೆ...?"

"ನಿನ್ನ ಮುಖ ನೋಡಿ! ಕಣ್ಣು ಅರಳಿದ್ರೆ ಅಣ್ಣ, ಮುದುಡಿದ್ರೆ ತಮ್ಮ. ಇವತ್ತು ಆ ಮುಖವೇ ನನಗೆ ಟೋಪಿ ಹಾಕ್ತು, ಕಳ್ಳ!" ಮೇಷ್ಟ್ರು ಮತ್ತೆ ನಕ್ಕರು. "ಹೋಗ್ಲಿ ಬಿಡು. ನೆಮ್ಮದಿಯಾಗಿ ಹೋಗ್ತೀನಿ. ನಿಜವಾದ ಮೂಗು ಇಲ್ಲೇ ಉಳೀತಲ್ಲ."

ಸಿಲ್ವೆನ್ ಕೊನೆಯ ಲೋಟ ಎತ್ತಿ ಮೂಸಿದ. ಇನ್ನೊಮ್ಮೆ ಮೂಸಿದ. ಆಮೇಲೆ ಅವನೂ ನಕ್ಕ. ಮೇಷ್ಟ್ರಿಗಿಂತ ಜೋರಾಗಿ, ಪೀಪಾಯಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ. ಮೇಷ್ಟ್ರ ನಗು ನಿಂತ ಮೇಲೂ ಅವನದು ನಿಲ್ಲಲಿಲ್ಲ.

ಆ ಜ್ವರದಿಂದೀಚೆಗೆ ಅವನು ಒಂದೇ ಒಂದು ಲೋಟವನ್ನೂ ಮೂಸಿ ತಿಳಿದವನಲ್ಲ. ಇಷ್ಟು ವರ್ಷವೂ ನೋಡುತ್ತಿದ್ದದ್ದು ಮೇಷ್ಟ್ರ ಎಡ ಹುಬ್ಬನ್ನು.